ತಂತಿಯಿಲ್ಲದ ಕಾವಲುಗಾರ

ಸಂಜೆ ಶಾಲೆ ಬಿಟ್ಟ ಮೇಲೆ ನಿಮ್ಮ ತರಗತಿಯ ಬಾಗಿಲಿಗೆ ಬೀಗ ಬೀಳುತ್ತದೆ, ಅಲ್ಲವೇ? ಆ ಬೀಗದ ಕೆಲಸವೇನು ಎಂದು ಕೇಳಿದರೆ "ಕಳ್ಳರನ್ನು ತಡೆಯುವುದು" ಎಂದು ನೀವು ತಟ್ಟನೆ ಹೇಳುತ್ತೀರಿ. ಸರಿಯೇ. ಆದರೆ ಬೀಗಕ್ಕೆ ಬಾಯಿಲ್ಲ. ರಾತ್ರಿ ಯಾರಾದರೂ ಅದನ್ನು ಮುರಿದರೆ ಆ ಸಂಗತಿ ನಮಗೆ ತಿಳಿಯುವುದು ಮರುದಿನ ಪ್ರಾರ್ಥನೆಯ ಹೊತ್ತಿಗೆ. ಮನೆಯ ನಾಯಿ ಹಾಗಲ್ಲ. ಅದು ತಡೆಯುವುದು ಕಡಿಮೆ, ಹೇಳುವುದು ಹೆಚ್ಚು. ಅಂಗಡಿಗಳಲ್ಲಿ 'ಬರ್ಗ್ಲರ್ ಅಲಾರಂ' ಎಂಬ ಹೆಸರಿನಲ್ಲಿ ಮಾರುವ ಸಾಧನ ಬೀಗದ ಜಾತಿಯದಲ್ಲ, ನಾಯಿಯ ಜಾತಿಯದು. ಇಲ್ಲಿ ಅದನ್ನು ನಾವು ಕಳ್ಳಗಂಟೆ ಎಂದು ಕರೆಯೋಣ.

ಕಳ್ಳಗಂಟೆ ಇತ್ತೀಚಿನದೆಂದು ನೀವು ತಿಳಿದಿದ್ದರೆ ಅದು ನಿಜವಲ್ಲ. 1853ರಲ್ಲಿಯೇ ಅಮೆರಿಕದ ಬಾಸ್ಟನ್ ನಗರದ ಪಕ್ಕದ ಸೋಮರ್‌ವಿಲ್ ಎಂಬಲ್ಲಿ ಅಗಸ್ಟಸ್ ಪೋಪ್ ಎಂಬಾತ ಬ್ಯಾಟರಿಯಿಂದ ನಡೆಯುವ ವಿದ್ಯುತ್ ಕಳ್ಳಗಂಟೆಗೆ ಪೇಟೆಂಟ್ ಪಡೆದಿದ್ದ. ಬಾಗಿಲು ತೆರೆದರೆ ವಿದ್ಯುನ್ಮಂಡಲ ಪೂರ್ಣವಾಗಿ, ವಿದ್ಯುತ್ಕಾಂತವೊಂದು ಸುತ್ತಿಗೆಯನ್ನು ಅಲುಗಿಸಿ ಗಂಟೆ ಬಾರಿಸುತ್ತಿತ್ತು. ಎಡಿಸನ್ನನ ವಿದ್ಯುದ್ದೀಪ ಬರಲು ಇನ್ನೂ ಇಪ್ಪತ್ತಾರು ವರ್ಷ ಬಾಕಿಯಿತ್ತು ಎಂಬುದನ್ನು ನೆನಪಿಡಿ. ಜನರ ಮನೆಗೆ ವಿದ್ಯುತ್ತು ಬೆಳಕಾಗಿ ಬರುವ ಮೊದಲೇ ಕಾವಲುಗಾರನಾಗಿ ಬಂದಿತ್ತು!

ಆಗಿನದಕ್ಕೆ ಮನೆಯ ತುಂಬ ತಂತಿ ಎಳೆಯಬೇಕಿತ್ತು. ಈಗ ತಂತಿ ಬೇಕಿಲ್ಲ. ಒಂದು ಮುಖ್ಯ ಪೆಟ್ಟಿಗೆ, ಬಾಗಿಲಿಗೆ ಅಂಟಿಸುವ ಬೆಂಕಿಪೊಟ್ಟಣದಷ್ಟು ಗಾತ್ರದ ಸಂವೇದಕಗಳು, ಕೋಣೆಯ ಮೂಲೆಯಲ್ಲಿ ಕೂರುವ ಒಂದು 'ಕಣ್ಣು', ಒಂದು ಸೈರನ್ನು, ಕೀಲಿ ಗೊಂಚಲಿಗೆ ಸಿಕ್ಕಿಸುವ ಒಂದು ರಿಮೋಟು. ಇಷ್ಟೂ ಒಂದು ರಟ್ಟಿನ ಡಬ್ಬಿಯಲ್ಲಿ ಸಿಗುತ್ತವೆ. 2022ರ ಮೇ ತಿಂಗಳಲ್ಲಿ ಇಂಥದೊಂದು ಡಬ್ಬಿ ನನ್ನ ಕೈಗೆ ಬಂತು.

ಬಂದ ಕಾರಣ ಹೇಳುತ್ತೇನೆ. ರಾಯಚೂರು ಜಿಲ್ಲೆಯ ಒಂದು ಊರಿನಲ್ಲಿ ನನ್ನ ದೊಡ್ಡವ್ವ ಒಬ್ಬಳೇ ಇದ್ದಾಳೆ. ಎಪ್ಪತ್ತು ದಾಟಿದೆ. ಮಣ್ಣಿನ ಮಾಳಿಗೆಯ ಹಳೆಯ ಮನೆ, ಎರಡು ಅಡಿ ದಪ್ಪದ ಗೋಡೆ, ಹಿತ್ತಲಲ್ಲಿ ಬೇವಿನ ಮರ. ಆ ವರ್ಷ ಅವಳ ಓಣಿಯಲ್ಲಿ ಎರಡು ಮನೆಗಳಿಗೆ ಕನ್ನ ಬಿತ್ತು. ಬೆಂಗಳೂರಿನಲ್ಲಿರುವ ಅವಳ ಮಗ ಗಾಬರಿಯಾಗಿ, ಮನೆಗೆ ಕೀಲಿ ಹಾಕಿ ಬಂದುಬಿಡು ಎಂದ. ದೊಡ್ಡವ್ವ ಒಪ್ಪಲಿಲ್ಲ. ಕೊನೆಗೆ ಅವನು ಈ ಡಬ್ಬಿಯನ್ನು ಕೊಂಡು ನನಗೆ ಕಳಿಸಿ, "ನೀನು ವಿಜ್ಞಾನದವನು. ಕೂರಿಸು, ಪರೀಕ್ಷೆ ಮಾಡು, ನಂಬಬಹುದೋ ಇಲ್ಲವೋ ನಿಜ ಹೇಳು. ನಂಬಬಹುದಾದರೆ ಅವ್ವ ಅಲ್ಲೇ ಇರಲಿ. ಇಲ್ಲವಾದರೆ ಮುಂದಿನ ವಾರವೇ ಬಂದು ಕರೆದುಕೊಂಡು ಹೋಗುತ್ತೇನೆ" ಎಂದ. ಶಾಲೆಗೆ ರಜೆ ಇತ್ತು. ನಾನು ಒಂದು ಉಷ್ಣತಾಮಾಪಕ, ಅಳತೆ ಟೇಪು, ಒಂದು ನೋಟುಪುಸ್ತಕ ಹಿಡಿದುಕೊಂಡು ಹೋದೆ. ಆರನೇ ತರಗತಿ ಮುಗಿಸಿದ್ದ ಪಕ್ಕದ ಮನೆಯ ಹುಡುಗಿಯೊಬ್ಬಳು ಮೂರು ದಿನವೂ ನನ್ನ ಜೊತೆಗಿದ್ದಳು. ಕಳ್ಳನ ಪಾತ್ರ ಅವಳದೇ.

ಮೊದಲು ಬಾಗಿಲು. ಬಾಗಿಲ ಸಂವೇದಕದಲ್ಲಿ ಎರಡು ತುಂಡುಗಳಿವೆ. ಚೌಕಟ್ಟಿಗೆ ಅಂಟುವ ತುಂಡಿನೊಳಗೆ ಒಂದು ಪುಟ್ಟ ಗಾಜಿನ ಕೊಳವೆ. ಅದರೊಳಗೆ ನಿಕ್ಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ಎರಡು ತೆಳು ಪಟ್ಟಿಗಳು ಕೂದಲೆಳೆಯಷ್ಟು ಅಂತರದಲ್ಲಿ ಎದುರುಬದುರಾಗಿರುತ್ತವೆ. ಇದನ್ನು ರೀಡ್ ಸ್ವಿಚ್ ಎನ್ನುತ್ತಾರೆ. ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್ವುಡ್ 1936ರಲ್ಲಿ ರೂಪಿಸಿದ್ದು. ಇನ್ನೊಂದು ತುಂಡು ಬರೀ ಅಯಸ್ಕಾಂತ, ಅದು ಬಾಗಿಲಿಗೆ. ಬಾಗಿಲು ಮುಚ್ಚಿದಾಗ ಅಯಸ್ಕಾಂತ ಹತ್ತಿರ ಬರುತ್ತದೆ, ಪಟ್ಟಿಗಳೆರಡೂ ಕಾಂತತ್ವ ಪಡೆದು ಒಂದನ್ನೊಂದು ಸೆಳೆದು ಅಂಟಿಕೊಳ್ಳುತ್ತವೆ. ಬಾಗಿಲು ತೆರೆದರೆ ಬಿಡಿಸಿಕೊಳ್ಳುತ್ತವೆ. ಉಜ್ಜುವ ಭಾಗವಿಲ್ಲ, ಧೂಳು ಹೋಗುವ ದಾರಿಯಿಲ್ಲ. ನನ್ನ ಮಟ್ಟಿಗೆ ಇಡೀ ಡಬ್ಬಿಯಲ್ಲಿ ಅತಿ ಜಾಣ ವಸ್ತು ಇದೇ.

ತಲಬಾಗಿಲು ಸಾಗುವಾನಿಯದು. ಅಲ್ಲಿ ಬಾಗಿಲನ್ನು ಎರಡು ಸೆಂಟಿಮೀಟರ್ ಸರಿಸಿದೊಡನೆ ಗಂಟೆ ಆಯಿತು. ಹಿತ್ತಲ ಬಾಗಿಲು ಕಬ್ಬಿಣದ ತಗಡಿನದು. ಅಲ್ಲಿ ನೇರವಾಗಿ ಅಂಟಿಸದೆ ಮೊದಲು ಕೈಯಲ್ಲಿ ಹಿಡಿದು ನೋಡಿದೆವು. ಬಾಗಿಲು ಮುಚ್ಚಿದ್ದರೂ ಅದು ತೆರೆದಿದೆ ಎನ್ನುತ್ತಿತ್ತು! ಕಾರಣ ನಿಮಗೇ ಹೊಳೆಯಬಹುದು. ಅಯಸ್ಕಾಂತದ ಬಲರೇಖೆಗಳು ಗಾಳಿಗಿಂತ ಕಬ್ಬಿಣದೊಳಗೆ ಸುಲಭವಾಗಿ ಹರಿಯುತ್ತವೆ. ತಗಡು ಅವನ್ನು ತನ್ನತ್ತ ಎಳೆದುಕೊಂಡು ರೀಡ್ ಸ್ವಿಚ್‌ಗೆ ತಲುಪದಂತೆ ಮಾಡುತ್ತಿತ್ತು. ಒಂದು ಬೆರಳು ದಪ್ಪದ ಮರದ ಪಟ್ಟಿಯನ್ನು ತಗಡಿಗೆ ಹೊಡೆದು ಅದರ ಮೇಲೆ ಅಯಸ್ಕಾಂತ ಕೂರಿಸಿದೆವು. ಸರಿಹೋಯಿತು. ಮಾಳಿಗೆಯ ಬೆಳಕಿಂಡಿಯನ್ನೂ ಬಿಡಲಿಲ್ಲ. ಓಣಿಯ ಒಂದು ಮನೆಗೆ ಕಳ್ಳರು ಇಳಿದದ್ದು ಅಲ್ಲಿಂದಲೇ. ಅದರ ಮುಚ್ಚಳಕ್ಕೂ ಒಳಗಡೆಯಿಂದ ಒಂದು ಸಂವೇದಕ ಬಿತ್ತು.

ಇದನ್ನು ನಿಮ್ಮ ತರಗತಿಯಲ್ಲಿ ಮಾಡಿ ನೋಡಬಹುದು. ರೀಡ್ ಸ್ವಿಚ್ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಜೊತೆಗೆ ಒಂದು 9 ವೋಲ್ಟ್ ಬ್ಯಾಟರಿ, ಒಂದು ಸಣ್ಣ ಬಜರ್, ಬಿಸಿ 547 ಎಂಬ ಟ್ರಾನ್ಸಿಸ್ಟರ್, 100 ಕಿಲೋ ಓಮ್ ರೋಧಕ. ಬ್ಯಾಟರಿಯ ಧನಾಗ್ರದಿಂದ ಬಜರ್ ಮೂಲಕ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೆ ಒಂದು ದಾರಿ. ಧನಾಗ್ರದಿಂದಲೇ ರೋಧಕದ ಮೂಲಕ ಬೇಸ್‌ಗೆ ಇನ್ನೊಂದು ದಾರಿ. ಎಮಿಟರ್ ಋಣಾಗ್ರಕ್ಕೆ. ರೀಡ್ ಸ್ವಿಚ್ಚನ್ನು ಬೇಸ್ ಮತ್ತು ಋಣಾಗ್ರಗಳ ನಡುವೆ ಜೋಡಿಸಿ. ಅಯಸ್ಕಾಂತ ಹತ್ತಿರವಿರುವವರೆಗೆ ಬೇಸ್‌ಗೆ ಹೋಗಬೇಕಾದ ವಿದ್ಯುತ್ತು ರೀಡ್ ಸ್ವಿಚ್ ಮೂಲಕ ಜಾರಿಹೋಗುತ್ತದೆ, ಬಜರ್ ಸುಮ್ಮನಿರುತ್ತದೆ. ಅಯಸ್ಕಾಂತ ದೂರ ಸರಿದರೆ ಕೂಗುತ್ತದೆ. ಕಾಯುವಾಗ ಖರ್ಚಾಗುವುದು 0.09 ಮಿಲಿ ಆಂಪಿಯರ್ ಮಾತ್ರ. 9ನ್ನು ಒಂದು ಲಕ್ಷದಿಂದ ಭಾಗಿಸಿದರೆ ನಿಮಗೇ ಸಿಗುತ್ತದೆ. ಕೊಳವೆ ಗಾಜಿನದು, ಅದರ ಕಾಲುಗಳನ್ನು ಬಗ್ಗಿಸುವಾಗ ಇಕ್ಕಳದಿಂದ ಹಿಡಿದುಕೊಂಡು ಬಗ್ಗಿಸಿ. ಕಬ್ಬಿಣದ ತಟ್ಟೆ, ಸ್ಟೀಲು ತಟ್ಟೆ, ಅಲ್ಯೂಮಿನಿಯಂ ತಟ್ಟೆ, ರಟ್ಟು, ಇವನ್ನೆಲ್ಲ ಅಯಸ್ಕಾಂತಕ್ಕೂ ಕೊಳವೆಗೂ ನಡುವೆ ಇಟ್ಟು ಏನಾಗುತ್ತದೆಂದು ಬರೆದುಕೊಳ್ಳಿ.

ಈ ಮಂಡಲದಲ್ಲಿ ರೀಡ್ ಸ್ವಿಚ್ಚಿಗೆ ಹೋಗುವ ತಂತಿಯನ್ನು ಕಳ್ಳನು ಕತ್ತರಿಸಿದರೆ ಏನಾಗುತ್ತದೆ? ಸ್ವಿಚ್ ಬಿಡಿಸಿಕೊಂಡಂತೆಯೇ ಆಗಿ ಬಜರ್ ಕೂಗುತ್ತದೆ. ಪೋಪ್‌ನ ಗಂಟೆಯಲ್ಲಾದರೋ ತಂತಿ ಕತ್ತರಿಸಿದರೆ ಅದು ಮೂಕವಾಗುತ್ತಿತ್ತು. ಈ ವ್ಯತ್ಯಾಸವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಬಾಗಿಲು ತೆರೆದ ಸುದ್ದಿ ಮುಖ್ಯ ಪೆಟ್ಟಿಗೆಗೆ ಹೋಗುವುದು ರೇಡಿಯೋ ಅಲೆಯ ಮೂಲಕ. ನಮ್ಮ ಡಬ್ಬಿಯದು 433 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 43 ಕೋಟಿ 30 ಲಕ್ಷ ಕಂಪನಗಳು. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್ ಬರುತ್ತದೆ. ಸಂವೇದಕ ಕೂಗುವುದು ಕ್ಷಣಕಾಲ, ಅದೂ ಪಿಸುಮಾತಿನಷ್ಟು ಶಕ್ತಿಯಲ್ಲಿ. ಹಾಗಾಗಿಯೇ ಕಿರುಬೆರಳಿಗಿಂತ ಚಿಕ್ಕ ಸೆಲ್ಲು ತಿಂಗಳುಗಟ್ಟಲೆ ಬಾಳುತ್ತದೆ.

ತಲಬಾಗಿಲಿನಿಂದ ಪಿಸುಮಾತು ಕೇಳಿಸಿತು. ಹಿತ್ತಲಿನಿಂದ ಕೇಳಿಸಲಿಲ್ಲ. ನಡುವೆ ಎರಡು ದಪ್ಪ ಗೋಡೆ, ಜೋಳ ತುಂಬುವ ತಗಡಿನ ದೊಡ್ಡ ಡಬ್ಬ, ಕಬ್ಬಿಣದ ಟ್ರಂಕುಗಳು. ಮುಖ್ಯ ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಯುದ್ದಕ್ಕೂ ಒಂದೊಂದು ಗೇಣು ಸರಿಸುತ್ತ, ಪ್ರತಿ ಸಲ ಹುಡುಗಿಯಿಂದ ಹಿತ್ತಲ ಬಾಗಿಲು ತೆರೆಸಿ ಗುರುತು ಹಾಕುತ್ತ ಹೋದೆವು. ಫಲಿತಾಂಶ ವಿಚಿತ್ರವಾಗಿತ್ತು. ಒಂದೆಡೆ ಕೇಳಿಸುತ್ತದೆ, ಒಂದು ಗೇಣು ಆಚೆ ಇಲ್ಲ, ಮತ್ತೊಂದು ಗೇಣು ಆಚೆ ಮತ್ತೆ ಕೇಳಿಸುತ್ತದೆ. ಅಲೆ ನೇರವಾಗಿ ಬರುವುದಲ್ಲದೆ ಟ್ರಂಕಿಗೆ, ತಗಡಿಗೆ ತಾಗಿ ಪ್ರತಿಫಲಿಸಿಯೂ ಬರುತ್ತದೆ. ಎರಡು ಅಲೆಗಳ ಉಬ್ಬಿಗೆ ಉಬ್ಬು ಸೇರಿದಲ್ಲಿ ಬಲ ಹೆಚ್ಚುತ್ತದೆ, ಉಬ್ಬಿಗೆ ತಗ್ಗು ಸೇರಿದಲ್ಲಿ ಎರಡೂ ಅಳಿಯುತ್ತವೆ. ಕೆರೆಯಲ್ಲಿ ಎರಡು ಕಲ್ಲು ಒಟ್ಟಿಗೆ ಎಸೆದಾಗ ನೀವು ನೋಡಿರುವುದೇ ಇದು. ಹಿತ್ತಲ ಬಾಗಿಲು ಇಪ್ಪತ್ತು ಸಲದಲ್ಲಿ ಇಪ್ಪತ್ತು ಸಲವೂ ಕೇಳಿಸಿದ ಒಂದು ಜಾಗದಲ್ಲಿ ಪೆಟ್ಟಿಗೆಯನ್ನು ನೇತುಹಾಕಿದೆವು. ಅದು ನೋಡಲು ಚಂದದ ಜಾಗವಲ್ಲ, ದೇವರ ಪಟದ ಪಕ್ಕ. ದೊಡ್ಡವ್ವ ಏನೂ ಅನ್ನಲಿಲ್ಲ. ಮರುದಿನ ಅದಕ್ಕೂ ಕುಂಕುಮ ಬಿದ್ದಿತ್ತು.

ಎರಡನೆಯ ದಿನ 'ಕಣ್ಣಿನ' ಸರದಿ. ಅಂಗಡಿಯವರು ಅದನ್ನು ಪಿ.ಐ.ಆರ್. ಎನ್ನುತ್ತಾರೆ. ಅದು ಬೆಳಕನ್ನು ನೋಡುವುದಿಲ್ಲ, ಶಾಖವನ್ನು ನೋಡುತ್ತದೆ. ಬಿಸಿಯಾದ ಎಲ್ಲ ವಸ್ತುಗಳಂತೆ ನಮ್ಮ ಮೈಯೂ ಸದಾ ಅವಕೆಂಪು ಕಿರಣಗಳನ್ನು ಸೂಸುತ್ತಿರುತ್ತದೆ. ವೀನ್ ಎಂಬ ವಿಜ್ಞಾನಿಯ ನಿಯಮ ಹೇಳುವಂತೆ, 2898ನ್ನು ವಸ್ತುವಿನ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಅದು ಅತಿ ಹೆಚ್ಚಾಗಿ ಸೂಸುವ ಕಿರಣದ ಅಲೆಯುದ್ದ ಮೈಕ್ರೋಮೀಟರ್‌ಗಳಲ್ಲಿ ಸಿಗುತ್ತದೆ. ನಮ್ಮ ಚರ್ಮ ಸುಮಾರು 34 ಡಿಗ್ರಿ ಸೆಲ್ಸಿಯಸ್, ಅಂದರೆ 307 ಕೆಲ್ವಿನ್. ಉತ್ತರ ಸುಮಾರು ಒಂಬತ್ತೂವರೆ. ಟಿ.ವಿ. ರಿಮೋಟಿನ ಅವಕೆಂಪು ಕಿರಣ ಒಂದು ಮೈಕ್ರೋಮೀಟರ್‌ಗೂ ಕಡಿಮೆ. ಅದು ಗಾಜನ್ನು ದಾಟುತ್ತದೆ, ನಮ್ಮ ಮೈಯ ಕಿರಣ ದಾಟುವುದಿಲ್ಲ. ಕಣ್ಣಿನ ಮುಂದೆ ಕಿಟಕಿಯ ಗಾಜು ಹಿಡಿದು ಹುಡುಗಿಯನ್ನು ಓಡಾಡಿಸಿದೆವು. ಅವಳು ನಮಗೆ ಸ್ಪಷ್ಟವಾಗಿ ಕಾಣುತ್ತಿದ್ದಳು, ಕಣ್ಣಿಗೆ ಕಾಣಲೇ ಇಲ್ಲ! ಅದಕ್ಕೇ ಅದರ ಮಸೂರವನ್ನು ಗಾಜಿನಿಂದಲ್ಲ, ಹಾಲುಬಣ್ಣದ ಪಾಲಿಥಿನ್ ಹಾಳೆಯಿಂದ ಮಾಡಿರುತ್ತಾರೆ.

ಆ ಹಾಳೆಯನ್ನು ಹತ್ತಿರದಿಂದ ನೋಡಿದರೆ ಜೇನುಗೂಡಿನಂತೆ ಹಲವು ಪುಟ್ಟ ಮಸೂರಗಳಿರುತ್ತವೆ. ಪ್ರತಿಯೊಂದೂ ಕೋಣೆಯ ಒಂದು ಪಟ್ಟಿಯನ್ನು ಹಿಂದಿನ ಸಂವೇದಕಕ್ಕೆ ತೋರಿಸುತ್ತದೆ. ಸಂವೇದಕದಲ್ಲಿ ಎರಡು ತುಣುಕುಗಳು, ಒಂದಕ್ಕೊಂದು ವಿರುದ್ಧವಾಗಿ ಜೋಡಣೆಯಾಗಿವೆ. ಇಡೀ ಕೋಣೆ ನಿಧಾನವಾಗಿ ಬಿಸಿಯಾದರೆ ಎರಡೂ ಸಮನಾಗಿ ಬಿಸಿಯಾಗಿ ಲೆಕ್ಕ ಸೊನ್ನೆ. ಮನುಷ್ಯ ಅಡ್ಡ ದಾಟಿದರೆ ಮೊದಲು ಒಂದು, ಆಮೇಲೆ ಇನ್ನೊಂದು. ಆಗ ಗಂಟೆ. ಅದಕ್ಕಾಗಿಯೇ ಅಡ್ಡ ನಡೆಯುವವರನ್ನು ಅದು ಬೇಗ ಹಿಡಿಯುತ್ತದೆ, ನೇರವಾಗಿ ತನ್ನತ್ತ ಬರುವವರನ್ನು ತಡವಾಗಿ. ಆದ್ದರಿಂದ ಅದನ್ನು ಬಾಗಿಲಿನ ಎದುರಿಗಲ್ಲ, ಬಾಗಿಲಿನಿಂದ ಬಂದವರು ಅಡ್ಡ ಹಾಯಬೇಕಾದ ಮೂಲೆಯಲ್ಲಿ ಹಾಕಬೇಕು.

ಡಬ್ಬಿಯ ಮೇಲೆ 8 ಮೀಟರ್ ಎಂದು ಅಚ್ಚಾಗಿತ್ತು. ಬೆಳಿಗ್ಗೆ ಆರು ಗಂಟೆಗೆ ಪಡಸಾಲೆಯಲ್ಲಿ ಪರೀಕ್ಷಿಸಿದಾಗ ಏಳೂವರೆ ಮೀಟರ್‌ನಲ್ಲಿ ಹುಡುಗಿ ಸಿಕ್ಕಿಬಿದ್ದಳು. ಉಷ್ಣತಾಮಾಪಕದ ಬುಡವನ್ನು ಗೋಡೆಗೆ ತಾಗಿಸಿ ಮೇಲೆ ಹತ್ತಿ ಇಟ್ಟು ಕಟ್ಟಿದ್ದೆವು. ಗೋಡೆ 29 ಡಿಗ್ರಿ ಇತ್ತು. ಎಲ್ಲ ಸರಿಯಾಗಿದೆ ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ರಾಯಚೂರಿನ ಮೇ ತಿಂಗಳನ್ನು ಬಲ್ಲವರು ಬೆಳಗಿನ ಆರು ಗಂಟೆಯ ಪರೀಕ್ಷೆಯನ್ನು ಇಡೀ ದಿನದ ಪರೀಕ್ಷೆ ಎಂದುಕೊಳ್ಳುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ನಡೆದೆವು. ಹೊರಗೆ 42 ಡಿಗ್ರಿ, ಗೋಡೆ 36. ಹುಡುಗಿ ಏಳು ಮೀಟರ್‌ನಲ್ಲಿ ಅಡ್ಡ ನಡೆದಳು, ದೀಪ ಮಿನುಗಲಿಲ್ಲ. ಐದು ಮೀಟರ್, ಇಲ್ಲ. ಮೂರು ಮೀಟರ್, ಇಲ್ಲ. ಎರಡು ಮೀಟರ್ ಹತ್ತಿರ ಕುಣಿದಾಡಿದಾಗ ಒಮ್ಮೆ ಮಿನುಗಿತು.

ಸೆಲ್ಲು ಹೊಸದು, ಜಾಗ ಬೆಳಗಿನದೇ. ಹಾಗಾದರೆ ಏನಾಯಿತು? ನೋಡಿ, ಅದು ಶಾಖವನ್ನು ನೋಡುತ್ತದೆ ಎಂದೆನಲ್ಲ, ನಿಜವಾಗಿ ಅದು ನೋಡುವುದು ಶಾಖದ ವ್ಯತ್ಯಾಸವನ್ನು. ಬೆಳಿಗ್ಗೆ ಗೋಡೆಗೂ ಹುಡುಗಿಗೂ ನಾಲ್ಕೈದು ಡಿಗ್ರಿ ವ್ಯತ್ಯಾಸವಿತ್ತು. ಮಧ್ಯಾಹ್ನ ಗೋಡೆ, ಅವಳ ಅಂಗಿ, ಅವಳ ಮುಖ ಎಲ್ಲವೂ ಹೆಚ್ಚುಕಡಿಮೆ ಒಂದೇ. ಕಪ್ಪು ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದಂತೆ. ಬೆಂಗಳೂರಿನಲ್ಲಿ ಕುಳಿತು ಡಬ್ಬಿ ಕೊಂಡವನಿಗೆ ಇದು ಹೊಳೆಯುವ ಸಂಗತಿಯಲ್ಲ.

ನಾನು ಇದನ್ನು ನೋಟುಪುಸ್ತಕದಲ್ಲಿ ಬರೆಯುತ್ತಿದ್ದಾಗ ಹುಡುಗಿ ಬಿಸಿಲ ಝಳ ತಾಳದೆ ಬಚ್ಚಲಿಗೆ ಹೋಗಿ ಟವೆಲು ತೊಯ್ಸಿ ತಲೆ, ಹೆಗಲ ಮೇಲೆ ಹೊದ್ದು ಬಂದಳು. ಅವಳು ಪಡಸಾಲೆಗೆ ಕಾಲಿಟ್ಟದ್ದೇ ತಡ, ಆರು ಮೀಟರ್ ಆಚೆಯಿಂದಲೇ ಕೆಂಪು ದೀಪ ಮಿನುಗಿತು! ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒದ್ದೆ ಬಟ್ಟೆಯಿಂದ ನೀರು ಆವಿಯಾಗುವಾಗ ಬಟ್ಟೆ ತಣ್ಣಗಾಗುತ್ತದೆ, ಮಣ್ಣಿನ ಮಡಕೆಯ ಹಾಗೆ. ಒಣ ಹವೆಯಲ್ಲಿ ಅದು ಗೋಡೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿಳಿಯಬಲ್ಲದು. ಕಣ್ಣಿಗೆ ಬಿಸಿ ಗೋಡೆಯ ಮುಂದೆ ಒಂದು ತಣ್ಣನೆಯ ಆಕಾರ ಹಾದುಹೋದದ್ದು ಕಂಡಿತು. ಹೆಚ್ಚಾದರೂ ವ್ಯತ್ಯಾಸವೇ, ಕಡಿಮೆಯಾದರೂ ವ್ಯತ್ಯಾಸವೇ. ಮೂಲೆಯಲ್ಲಿ ಕುಳಿತು ಎಲ್ಲ ನೋಡುತ್ತಿದ್ದ ದೊಡ್ಡವ್ವ, "ಹಂಗಾರ ಕಳ್ಳರು ಜಳಕ ಮಾಡಿ ಬರಬೇಕು ಅನ್ನು" ಎಂದಳು.

ರಾತ್ರಿ ಒಂಬತ್ತಕ್ಕೂ ನೋಡಿದೆವು. ಹಗಲೆಲ್ಲ ಕುಡಿದ ಬಿಸಿಲನ್ನು ಮಾಳಿಗೆ ಆಗ ಒಳಗೆ ಉಗುಳುತ್ತಿರುತ್ತದೆ. ನಾಲ್ಕು ಮೀಟರ್ ಅಷ್ಟೇ. ಬೆಳಗಿನ ಜಾವ ಮೂರಕ್ಕೆ ನಾನೇ ಎದ್ದು ನಡೆದೆ, ಮತ್ತೆ ಏಳು ಮೀಟರ್. ಅಂದರೆ ನಿಜವಾಗಿ ಕತ್ತಲೆ ಕವಿದ ಹೊತ್ತಿನಲ್ಲಿ ಅದನ್ನು ನಂಬಬಹುದು. ಓಣಿಯಿಡೀ ಬಾಗಿಲು ಹಾಕಿ ಮಲಗುವ ಬೇಸಿಗೆಯ ಮಧ್ಯಾಹ್ನದಲ್ಲಿ ನಂಬಬಾರದು. ಗೋಡೆ ಬಿಸಿಯಾದಷ್ಟೂ ತನ್ನ ಸೂಕ್ಷ್ಮತೆಯನ್ನು ತಾನೇ ಹೆಚ್ಚಿಸಿಕೊಳ್ಳುವ ಕಣ್ಣುಗಳೂ ಸಿಗುತ್ತವೆ, ಬೆಲೆ ಹೆಚ್ಚು. ನಮ್ಮದು ಆ ಜಾತಿಯದಾಗಿರಲಿಲ್ಲ.

ಕಣ್ಣು ಕಾಣದಿರುವುದು ಒಂದು ತೊಂದರೆಯಾದರೆ, ಇಲ್ಲದ್ದನ್ನು ಕಾಣುವುದು ಇನ್ನೊಂದು. ಕೂಲರ್‌ನ ತಂಪು ಗಾಳಿಗೆ ಪರದೆ ಹಾರಾಡಿದರೂ ಅದಕ್ಕೆ ಮನುಷ್ಯ ಬಂದಂತೆ. ಹಲ್ಲಿ ಮಸೂರದ ಮೇಲೇ ಹರಿದರೆ ಸಣ್ಣ ಹಲ್ಲಿಯೂ ಇಡೀ ನೋಟವನ್ನು ಮುಚ್ಚಿಬಿಡುತ್ತದೆ. ಇದನ್ನು ಸಣ್ಣ ವಿಷಯವೆನ್ನಬೇಡಿ. ಒಂದು ಲೆಕ್ಕ ಮಾಡೋಣ. ವಾರಕ್ಕೊಮ್ಮೆ ಹಲ್ಲಿಯಿಂದಲೋ ಪರದೆಯಿಂದಲೋ ಸುಳ್ಳು ಗಂಟೆ ಆಗುತ್ತದೆ ಎಂದುಕೊಳ್ಳಿ. ಇಪ್ಪತ್ತು ವರ್ಷಕ್ಕೊಮ್ಮೆ ನಿಜವಾದ ಕಳ್ಳ ಬರುತ್ತಾನೆ ಎಂದುಕೊಳ್ಳಿ. ಇಪ್ಪತ್ತು ವರ್ಷದಲ್ಲಿ ಸುಳ್ಳು ಗಂಟೆ 1040, ನಿಜದ ಗಂಟೆ 1. ಅಂಥ ಗಂಟೆಗೆ ಓಣಿಯ ಯಾರು ಎದ್ದುಬರುತ್ತಾರೆ? 'ತೋಳ ಬಂತು ತೋಳ' ಎಂದ ಹುಡುಗನ ಕತೆ ನಿಮಗೆ ಗೊತ್ತೇ ಇದೆ. ಅವನಾದರೂ ಬೇಕೆಂದು ಸುಳ್ಳು ಹೇಳಿದ, ಇದಕ್ಕೆ ಸುಳ್ಳು ಹೇಳುತ್ತಿದ್ದೇನೆಂಬುದೂ ತಿಳಿಯದು. ನಾವು ಪರದೆ ತೆಗೆಸಿದೆವು, ಕೂಲರನ್ನು ಕಣ್ಣಿನ ಕೆಳಗಿನ ಗೋಡೆಗೆ ಸರಿಸಿದೆವು. ಹಲ್ಲಿಗೆ ಏನು ಮಾಡುವುದು? ಅದು ಹತ್ತಿ ಬರುವ ಜಂತಿಯಿಂದ ದೂರ ಕೂರಿಸಿದೆವು, ಅಷ್ಟೇ.

ಈಗ ಪೋಪ್‌ನ ಗಂಟೆಯ ಮಾತಿಗೆ ಬರೋಣ. ಕಳ್ಳಗಂಟೆ ಸುಮ್ಮನಿದೆ ಎಂದರೆ ಎರಡು ಅರ್ಥ. ಒಂದು, ಕಳ್ಳ ಬಂದಿಲ್ಲ. ಇನ್ನೊಂದು, ಗಂಟೆ ಸತ್ತಿದೆ. ಹೊರಗಿನಿಂದ ಎರಡೂ ಒಂದೇ ಥರ. ದುಬಾರಿ ವ್ಯವಸ್ಥೆಗಳಲ್ಲಿ ಪ್ರತಿ ಸಂವೇದಕವೂ ಆಗಾಗ "ನಾನಿದ್ದೇನೆ" ಎಂದು ಪೆಟ್ಟಿಗೆಗೆ ಹೇಳುತ್ತಿರುತ್ತದೆ. ಹೇಳುವುದು ನಿಂತರೆ ಪೆಟ್ಟಿಗೆ ಎಚ್ಚರಿಸುತ್ತದೆ. ನಮ್ಮದರಲ್ಲಿ ಹಾಗಿರಲಿಲ್ಲ. ಪರೀಕ್ಷಿಸಲು ಬೆಳಕಿಂಡಿಯ ಸಂವೇದಕದ ಸೆಲ್ಲು ತೆಗೆದು ರಾತ್ರಿಯಿಡೀ ಬಿಟ್ಟೆವು. ಪೆಟ್ಟಿಗೆಯ ಹಸಿರು ದೀಪ ನೆಮ್ಮದಿಯಿಂದ ಉರಿಯುತ್ತಲೇ ಇತ್ತು. ಡಬ್ಬಿಯ ಮೇಲೆ ಇದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕರೆಂಟು ಹೋದಾಗ ಎಂಟು ಗಂಟೆ ನಡೆಯುತ್ತದೆ ಎಂದು ಮಾತ್ರ ಬರೆದಿತ್ತು. ಸಂಜೆ ಆರಕ್ಕೆ ಪ್ಲಗ್ಗು ಕಿತ್ತು ಕುಳಿತೆವು, ಹನ್ನೊಂದಕ್ಕೆ ದೀಪ ಆರಿತು. ಐದು ಗಂಟೆ ಸಾಕೇ ಎಂಬುದು ನಿಮ್ಮೂರಿನ ಕರೆಂಟಿನ ಮೇಲೆ ಹೋಗುತ್ತದೆ.

ಮೂರನೆಯ ದಿನ ಸೈರನ್ನು. ಶಬ್ದ ಬಯಲಿನಲ್ಲಿ ಹರಡುವಾಗ ದೂರ ಎರಡರಷ್ಟಾದಂತೆಲ್ಲ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಒಂದು ಮೀಟರ್‌ನಲ್ಲಿ 100 ಡೆಸಿಬೆಲ್ ಇದ್ದದ್ದು 32 ಮೀಟರ್‌ನಲ್ಲಿ 70 ಆಗುತ್ತದೆ. ನಡುವೆ ಗೋಡೆಯಿದ್ದರೆ ಇನ್ನೂ ಕಡಿಮೆ. ಸೈರನ್ನನ್ನು ಒಳಗಿಟ್ಟು ಕೂಗಿಸಿ, ಓಣಿಯ ಆರು ಮನೆಗಳಲ್ಲಿ ಒಬ್ಬೊಬ್ಬ ಹುಡುಗರನ್ನು ಕೂರಿಸಿದೆವು. ಕೂಲರ್ ಹಾಕಿದ್ದ ನಾಲ್ಕು ಮನೆಗಳಲ್ಲಿ ಯಾರಿಗೂ ಕೇಳಿಸಲಿಲ್ಲ. ಸೂರಿನ ಕೆಳಗೆ ಹೊರಗೆ ತೂಗುಹಾಕಿದಾಗ ಆರರಲ್ಲಿ ಐದಕ್ಕೆ ಕೇಳಿಸಿತು. ಕಿವಿ ಮುಚ್ಚಿಕೊಂಡು ನಿಂತಿದ್ದ ದೊಡ್ಡವ್ವ ಅದು ನಿಂತ ಮೇಲೆ ಕೇಳಿದಳು: "ಇದು ಒದರಿದ್ರ ಬರೋರು ಯಾರೋ ತಮ್ಮಾ? ಕಳ್ಳ ಬಂದಿದ್ದು ಕಳ್ಳಗ ಗೊತ್ತಿರ್ತದ, ನನಗ ಗೊತ್ತಾಗ್ತದ. ಮಂದಿಗೆ ಗೊತ್ತಾಗಬೇಕಲ್ಲ?"

ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟ್ಟನ್ ಬ್ರೌನ್ ಎಂಬಾಕೆಯದೂ ಇದೇ ಪ್ರಶ್ನೆಯಾಗಿತ್ತು. ಆಕೆ ಇದ್ದ ಪ್ರದೇಶಕ್ಕೆ ಪೊಲೀಸರು ಬರುವುದು ತಡವಾಗುತ್ತಿತ್ತು. ಬಾಗಿಲಾಚೆ ಯಾರಿದ್ದಾರೆಂದು ಕ್ಯಾಮೆರಾ ಮೂಲಕ ಟಿ.ವಿ.ಯಲ್ಲಿ ನೋಡುವ, ಒಂದು ಗುಂಡಿ ಒತ್ತಿದರೆ ಸಹಾಯ ಕರೆಯುವ ಗೃಹರಕ್ಷಣಾ ವ್ಯವಸ್ಥೆಯನ್ನು ಆಕೆ ಪತಿಯೊಡನೆ ಸೇರಿ ರೂಪಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು. 1969ರಲ್ಲಿ ಅದು ದೊರೆಯಿತು.

ನಮ್ಮ ಪೆಟ್ಟಿಗೆಯಲ್ಲಿ ಸಿಮ್ ಹಾಕುವ ಜಾಗವಿತ್ತು. ಗಂಟೆಯಾದರೆ ಅದು ಬರೆದಿಟ್ಟ ಐದು ಸಂಖ್ಯೆಗಳಿಗೆ ಒಂದಾದ ಮೇಲೊಂದರಂತೆ ಫೋನು ಮಾಡುತ್ತದೆ. ಮಗ ತನ್ನ ಸಂಖ್ಯೆಯನ್ನು ಮೊದಲು ಹಾಕಲು ಹೇಳಿದ್ದ. ದೊಡ್ಡವ್ವ ಬೇಡ ಎಂದಳು. "ಅಂವ ಬೆಂಗಳೂರಾಗ ಎದ್ದು ಕುಂತು ಏನು ಮಾಡ್ತಾನ? ಒಂದು ರಾತ್ರಿ ಹಾದಿ ಅದ. ಪಕ್ಕದ ಮನಿಯವರದ್ದು ಮೊದಲ ಹಾಕು. ಆಮ್ಯಾಲ ಹಿಟ್ಟಿನ ಗಿರಣಿಯವರದ್ದು, ಅವರ ಮನ್ಯಾಗ ಮೂರು ಮಂದಿ ಗಂಡ್ಮಕ್ಕಳು ಇದ್ದಾರ. ನನ್ನ ಮಗಂದು ಕಡೀಕ." ಪಟ್ಟಿಯನ್ನು ಅವಳು ಹೇಳಿದಂತೆಯೇ ತುಂಬಿದೆ. ಪಕ್ಕದ ಮನೆಯವರನ್ನೂ ಗಿರಣಿಯವರನ್ನೂ ಕೇಳಿ, ಗಂಟೆಯಾದರೆ ಇಬ್ಬರು ಕೂಡಿಯೇ ಬರಬೇಕು, ಬಾಗಿಲು ಮುರಿದಿದ್ದರೆ ಒಳಗೆ ಹೋಗದೆ 112ಕ್ಕೆ ಕರೆ ಮಾಡಬೇಕು ಎಂದು ಮಾತಾಯಿತು. ಆ ರಾತ್ರಿ ಹತ್ತೂವರೆಗೆ, ಯಾವ ಹೊತ್ತಿಗೆ ಎಂದು ಮೊದಲೇ ತಿಳಿಸದೆ, ಒಮ್ಮೆ ಕೂಗಿಸಿದೆ. ಗಿರಣಿಯ ಹಿರಿಯ ಮಗ ಟಾರ್ಚು ಹಿಡಿದು ಬಂದು ನಿಂತಾಗ ಗಡಿಯಾರ ನೋಡಿದೆ. ಎರಡು ನಿಮಿಷ ಹತ್ತು ಸೆಕೆಂಡು.

ಅವಳ ಮಗನಿಗೆ ನಾನು ನಾಲ್ಕು ಪುಟ ಬರೆದು ಕಳಿಸಿದೆ. ಮೂರು ಬಾಗಿಲ ಸಂವೇದಕಗಳು ಸರಿ. ಕಣ್ಣು ಮಾರ್ಚಿಯಿಂದ ಜೂನ್‌ವರೆಗೆ ಹಗಲಿನಲ್ಲಿ ಇಲ್ಲವೆಂದೇ ತಿಳಿ. ಸಂವೇದಕ ಸತ್ತರೆ ಪೆಟ್ಟಿಗೆಗೆ ತಿಳಿಯದು. ರಿಮೋಟಿನ ಸಂಕೇತ ಪ್ರತಿ ಸಲವೂ ಅದೇ ಇರುವುದರಿಂದ ತಿಳಿದ ಕಳ್ಳನೊಬ್ಬ ಅದನ್ನು ನಕಲು ಮಾಡಬಲ್ಲ. ಓಣಿಯ ಕಳ್ಳರು ಅಷ್ಟು ಓದಿದವರಿರಲಾರರು ಎಂಬುದು ನನ್ನ ಊಹೆಯೇ ಹೊರತು ಪರೀಕ್ಷೆಯ ಫಲಿತಾಂಶವಲ್ಲ. ಪಕ್ಕದವರು ಬರಲು ಎರಡು ನಿಮಿಷ. 'ನಂಬಬಹುದೇ' ಎಂಬ ಅವನ ಪ್ರಶ್ನೆಗೆ ಒಂದೇ ಪದದ ಉತ್ತರ ಅದರಲ್ಲಿರಲಿಲ್ಲ. ಎರಡು ದಿನ ಅವನಿಂದ ಫೋನು ಬರಲಿಲ್ಲ. ದೊಡ್ಡವ್ವ ಆ ಎರಡು ದಿನ ಬೇವಿನ ಮರದ ಕೆಳಗೆ ಹಪ್ಪಳ ಒಣಹಾಕುತ್ತ, ಏನನ್ನೂ ಕೇಳದೆ ಇದ್ದಳು. ಮೂರನೆಯ ದಿನ ಅವನು ಫೋನು ಮಾಡಿ ಕೇಳಿದ್ದು ಒಂದೇ: "ಸತ್ತರೆ ತಿಳಿಯದು ಅಂದೆಯಲ್ಲ, ಅದಕ್ಕೇನು ಮಾಡುವುದು?"

ಉತ್ತರ ಕೊಟ್ಟವಳು ದೊಡ್ಡವ್ವ. ಪ್ರತಿ ಅಮವಾಸ್ಯೆಯ ಬೆಳಿಗ್ಗೆ ಹತ್ತಕ್ಕೆ ಅವಳು ಮೂರೂ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಕೂಗಿಸುತ್ತಾಳೆ. ಬೆಳಕಿಂಡಿಗೆ ಹುಡುಗಿ ಏಣಿ ಹತ್ತುತ್ತಾಳೆ. ಅವತ್ತು ಆ ಹೊತ್ತಿಗೆ ಕೇಳಿದ್ದು ಪರೀಕ್ಷೆ ಎಂದು ಓಣಿಗೆಲ್ಲ ಗೊತ್ತು. ಬೇರೆ ಯಾವಾಗ ಕೇಳಿದರೂ ಪರೀಕ್ಷೆಯಲ್ಲ ಎಂದೂ ಗೊತ್ತು. ಯುಗಾದಿಗೆ, ದೀಪಾವಳಿಗೆ ಸೆಲ್ಲುಗಳನ್ನು ಬದಲಿಸಬೇಕೆಂದು ಕ್ಯಾಲೆಂಡರಿನಲ್ಲಿ ಹುಡುಗಿ ಗುರುತು ಹಾಕಿದ್ದಾಳೆ. ಕಳ್ಳ ಈವರೆಗೆ ಬಂದಿಲ್ಲ. ಕಳೆದ ಅಮವಾಸ್ಯೆಯಂದು ದೊಡ್ಡವ್ವನ ಫೋನು ಬಂತು. ಹಿತ್ತಲ ಬಾಗಿಲಿನದು ಒದರಲಿಲ್ಲವಂತೆ, ದೀಪಾವಳಿಯವರೆಗೆ ತಡೆದಿಲ್ಲ. 12 ವೋಲ್ಟಿನ ಆ ಸಣ್ಣ ಸೆಲ್ಲು ಅವಳ ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. "ಬರೋ ಮುಂದ ನಾಕು ತಗೊಂಡು ಬಾ" ಎಂದಳು. "ಅಲ್ಲೀತನಕ ಹಿತ್ತಲ ಬಾಗಲಿಗೆ ಒಳಗಿನಿಂದ ಅಗಳಿ ಹಾಕೀನಿ."